ವಾರ್ಷಿಕ ವರದಿಯ ಕರಡು

ಮಾನ್ಯ ಅಧ್ಯಕ್ಷರೇ, ಸದಸ್ಯ ಬಂಧುಗಳೇ,
ಎಂದು ಬರೆದು ಪೆನ್ನು ಮುಚ್ಚಿಟ್ಟು ಕಾಫಿ ಕುಡಿದೆ.
ಮತ್ತೆ ಮುಚ್ಚಳ ತೆಗೆದೆ.
ಒಕ್ಕೂಟಕ್ಕೆ ಇದು ಮೂವತ್ತೊಂದನೆಯ ವರ್ಷ,
ಕಾರ್ಯದರ್ಶಿಯಾಗಿ ನನಗೆ ಒಂಬತ್ತನೆಯದು.

ಮಳೆ ಎಂಬತ್ತೊಂಬತ್ತು ಇಂಚು, ಹದಿನೆಂಟು ಸೆಂಟು.
ಪೊಲ್ಲಿಬೆಟ್ಟದಲ್ಲಿ ಯಾವ ಲೆಕ್ಕವೂ
ಮಳೆಯನ್ನು ಹೇಳದೆ ಶುರುವಾಗುವುದಿಲ್ಲ.
ಕಕ್ಕಡದಲ್ಲಿ ಮೈದಾನ ಮುಚ್ಚಿದ್ದು ಇಪ್ಪತ್ತಾರು ದಿನ.
ಏಳನೆಯ ಗ್ರೀನಿನ ಮೇಲೆ ಆನೆ ನಡೆದದ್ದು ನಾಲ್ಕು ಸಲ.
ಹೆಜ್ಜೆಗುಳಿಗೆ ಬಿದ್ದ ಚೆಂಡನ್ನು
ದಂಡವಿಲ್ಲದೆ ಎತ್ತಿಡಬಹುದೆಂದು
ಸಮಿತಿ ಸರ್ವಾನುಮತದಿಂದ ಠರಾವು ಮಾಡಿತು.
ಆನೆಯ ಅಭಿಪ್ರಾಯ ದಾಖಲಾಗಿಲ್ಲ.

ಕೈಲ್‌ಪೊಳ್ದ್ ಪಂದ್ಯಕ್ಕೆ ಅರವತ್ತೆರಡು ಜನ.
ಹಿಂದಿನ ದಿನ ಮರದ ತುದಿಯ ತೆಂಗಿನಕಾಯಿಗೆ
ಗುಂಡು ತಪ್ಪದೆ ಹೊಡೆದ ಕೈಗಳು
ಮೂರಡಿಯ ಪಟ್ಟಿಗೆ ನಡುಗಿದವು.
ಮಹಿಳೆಯರಲ್ಲಿ ದೇಚಮ್ಮನವರು, ವಯಸ್ಸು ಎಪ್ಪತ್ತೊಂದು,
ಕಪ್ಪು ಒಯ್ದು ಅದರಲ್ಲಿ ಮೆಣಸಿನ ಬಳ್ಳಿ ನೆಟ್ಟಿದ್ದಾರೆ;
ವಾಪಸು ಕೇಳಿ ಎರಡು ಪತ್ರ ಬರೆದಿದ್ದೇನೆ.

ನಿಧನ: ಹಿರಿಯ ಸದಸ್ಯ ಮಂದಣ್ಣನವರು.
ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ.
ಆ ಮನುಷ್ಯ ಬದುಕಿನಲ್ಲಿ
ಒಂದು ನಿಮಿಷ ಸುಮ್ಮನಿದ್ದುದನ್ನು ಕಂಡವರಿಲ್ಲ.
ಮೂರನೆಯ ಗುಳಿಯ ಪಕ್ಕದ ಬಳಂಜಿ ಮರ
ಅವರ ಬೈಗುಳವನ್ನೆಲ್ಲ ಕೇಳಿ ಬೆಳೆದದ್ದು.

ಪುತ್ತರಿ ಕಪ್. ವಿಜೇತರು:

ಇಲ್ಲಿ ನನ್ನ ಹೆಸರು ಬರಬೇಕು.

ಐದನೆಯ ಗುಳಿ, ರೊಬಸ್ಟಾ ಗಿಡದ ಬುಡ,
ಒಣಗಿದ ಎಲೆ ಸರಿಸುವಾಗ
ಚೆಂಡು ಅರ್ಧ ಸುತ್ತು ಉರುಳಿತು.
ಅರ್ಧ ಸುತ್ತು ಅಷ್ಟೇ, ಇರುವೆಯೊಂದು ಮಗ್ಗುಲಾದಷ್ಟು.
ಕುಶಾಲಪ್ಪ ದೂರದಲ್ಲಿ ಸಿಗರೇಟು ಹಚ್ಚುತ್ತಿದ್ದ.
ನನ್ನ ಬ್ಯಾಗು ಹೊತ್ತ ಮೊಯ್ದು ಆಕಾಶ ನೋಡಿದ.
ಡಿಸೆಂಬರಿನ ಆಕಾಶದಲ್ಲಿ
ನೋಡುವಂಥದ್ದು ಏನಿತ್ತು?
ಆಮೇಲೆ ಕೇಳದೆಯೇ ಏಳನೆಯ ನಂಬರಿನ ಕೋಲು ಕೊಟ್ಟ.
ಗೆದ್ದದ್ದು ಒಂದೇ ಏಟಿನಿಂದ.

ಮೂವತ್ತೆಂಟು ವರ್ಷದಿಂದ ಅವನು ಇಲ್ಲಿ ಕ್ಯಾಡಿ.
ನಮ್ಮ ರಿಜಿಸ್ಟರಿನಲ್ಲಿ ಇರುವುದು ಒಂದು ಲೆಕ್ಕ,
ಬೀಡಿ ಸೇದುತ್ತ ಕೂತ ಅವನಲ್ಲಿ ಇರುವುದು ಇನ್ನೊಂದು.
ಯಾರ ಬೂಟು ಯಾವ ಚೆಂಡನ್ನು ತಳ್ಳಿತು,
ಯಾರ ಆರು ಕಾರ್ಡಿನಲ್ಲಿ ಐದಾಯಿತು,
ಯಾವ ಮೇಜರು ಪೊದೆಯೊಳಗೆ ಅತ್ತರು.
ಯಾರಿಗೂ ಓದಿ ಹೇಳಿದವನಲ್ಲ.

ಮುಂದಿನ ವರ್ಷದ ಯೋಜನೆಗಳು.
ಗೋಣಿಕೊಪ್ಪ, ಸಿದ್ದಾಪುರದ ಶಾಲೆಗಳಲ್ಲಿ
ಮಕ್ಕಳಿಗೆ ಬೇಸಿಗೆ ತರಬೇತಿ.
ವಿರಾಜಪೇಟೆ, ಮಡಿಕೇರಿಯವರೊಡನೆ ಲೀಗ್,
ಊಟದ ಖರ್ಚು ಯಾರದೆಂಬುದು ತೀರ್ಮಾನವಾದರೆ.
ಏಳನೆಯ ಗುಳಿಗೆ ಸೌರಬೇಲಿ,
ಅಥವಾ ಏಳನೆಯ ಗುಳಿಯನ್ನೇ ಬಿಟ್ಟುಕೊಡುವುದು.
ಕ್ಯಾಡಿಗಳಿಗೆ ಹದಿನಾಲ್ಕು ಮಳೆಕೋಟು: ಪರಿಶೀಲನೆಯಲ್ಲಿದೆ.

ಈ ಸಾಲನ್ನು ಮೂರು ವರ್ಷದಿಂದ
ಹಳೆಯ ವರದಿಯಿಂದ ನೋಡಿ ಬರೆಯುತ್ತಿದ್ದೇನೆ.
ಈ ಸಲ ಹೊಡೆದುಹಾಕಿ
‘ಜೂನ್ ಒಂದರೊಳಗೆ ಕೊಡಲಾಗುವುದು’ ಎಂದು ಬರೆದೆ.
ಬರೆದ ಕೈ ಅಲ್ಲೇ ನಿಂತಿತು.
ಕೋಟು ಮಡಿಚಿ ಕೈಗಿಟ್ಟಾಗ ಮೊಯ್ದು
ಮತ್ತೆ ಆಕಾಶ ನೋಡಿಬಿಟ್ಟರೆ?
ಗೊಬ್ಬರದ ಚೀಲವನ್ನು ಮೂಲೆಗೆ ಮಡಿಚಿ
ತಲೆಗೆ ಹಾಕಿಕೊಂಡು ಅಷ್ಟು ಮಳೆಗಾಲ ಕಳೆದವನು,
ಒಂದು ಅರ್ಧ ಸುತ್ತಿಗೆ ಇಷ್ಟೊಂದು ಬೆಲೆಯೇ
ಎಂದುಕೊಂಡುಬಿಟ್ಟರೆ?

ಹೊಡೆದದ್ದನ್ನು ಉಳಿಸಿದೆ. ಕೋಟು ಬರಲಿ.
ಅವನು ಏನಾದರೂ ಅಂದುಕೊಳ್ಳಲಿ, ನೆನೆಯದೆ ಅಂದುಕೊಳ್ಳಲಿ.

ಗೋಣಿಕೊಪ್ಪದ ಪ್ರೆಸ್ಸಿನಿಂದ ಸಂಜೆ ಫೋನು:
‘ಸಾರ್, ಪುತ್ತರಿ ಕಪ್ಪಿನ ಮುಂದೆ ಖಾಲಿ ಬಿಟ್ಟಿದ್ದೀರಿ.
ಯಾರ ಹೆಸರು ಹಾಕಲಿ?’

ಲೈನು ಸರಿಯಿಲ್ಲ ಎಂದೆ.
ಮೊದಲ ಪುಟದ ಮಳೆಯ ಲೆಕ್ಕ
ಇನ್ನೊಮ್ಮೆ ಓದು, ತಪ್ಪಾಗಬಾರದು ಎಂದೆ.
ಎಂಬತ್ತೊಂಬತ್ತು ಇಂಚು ಎಂದ ಅವನು.
ಹದಿನೆಂಟು ಸೆಂಟು ಬಿಟ್ಟೆಯಲ್ಲ, ಎಂದೆ.